ಮಿಲಿಟರಿಯಿಂದ ಊರಿಗೆ ಬಂದವರ ಕಾಗದಪತ್ರ

ನಮ್ಮ ತಳಕು ಹೋಬಳಿಯಲ್ಲಿ ಮಳೆ ನಂಬಿ ಶೇಂಗಾ ಹಾಕುವ ಮನೆಗಳಲ್ಲಿ ಒಂದು ಲೆಕ್ಕ ಇದೆ. ಇಬ್ಬರು ಗಂಡುಮಕ್ಕಳಿದ್ದರೆ ಒಬ್ಬ ಹೊಲಕ್ಕೆ, ಇನ್ನೊಬ್ಬ ಬೆಂಗಳೂರಿಗೋ ಮಿಲಿಟರಿಗೋ. ಮಿಲಿಟರಿಗೆ ಹೋಗುವವನಿಗೆ ಹಾರ ಹಾಕಿ ಬಸ್ ಹತ್ತಿಸುತ್ತೇವೆ. ಅವನು ನಿವೃತ್ತಿಯಾಗಿ ಟ್ರಂಕು ಹೊತ್ತು ವಾಪಸು ಬಂದಾಗ ಏನೇನು ಸಿಗಬೇಕು, ಯಾವ ಕಚೇರಿಗೆ ಹೋಗಬೇಕು ಎಂದರೆ ಊರಲ್ಲಿ ಹೇಳುವವರಿಲ್ಲ. ಸೈನಿಕನಿಗೂ ಅಷ್ಟಾಗಿ ಗೊತ್ತಿರುವುದಿಲ್ಲ. ಅವನ ಕಾಗದವೆಲ್ಲ ಅಷ್ಟು ವರ್ಷ ರೆಜಿಮೆಂಟಿನ ಗುಮಾಸ್ತರೇ ನೋಡಿಕೊಂಡಿರುತ್ತಾರೆ.

ನನ್ನ ತಮ್ಮ 2019ರಲ್ಲಿ 17 ವರ್ಷ ಸೇವೆ ಮುಗಿಸಿ ಬಂದ. ಅವನ ಜೊತೆ ನಾನೂ ತಿರುಗಿದೆ. ಆಮೇಲೆ ಅಕ್ಕಪಕ್ಕದ ಊರಿನ ನಾಲ್ಕೈದು ಮಂದಿಯ ಕಾಗದವನ್ನೂ ನೋಡಿದೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಸೈನಿಕ ಇಲ್ಲದಿದ್ದರೂ ಓದಿ ಇಟ್ಟುಕೊಳ್ಳಿ, ಊರಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ.

ಮೊದಲು ಒಂದು ಮಾತು. ಸೈನಿಕ ಅಂದರೆ ಮುದುಕನಾಗಿ ನಿವೃತ್ತಿಯಾಗುವವನಲ್ಲ. ಸಿಪಾಯಿಯಾಗಿ ಸೇರಿದವನು 35-40ಕ್ಕೇ ಮನೆಗೆ ಬರುತ್ತಾನೆ. ಮಕ್ಕಳು ಆಗಿನ್ನೂ ಪ್ರೈಮರಿ ಸ್ಕೂಲು. ಜವಾನನಿಗೆ ಪಿಂಚಣಿ ಬರಬೇಕಾದರೆ ಕನಿಷ್ಠ 15 ವರ್ಷದ ಸೇವೆ ಇರಬೇಕು. ಬರುವುದು ಕೊನೆಯ ಸಂಬಳದ ಅರ್ಧ. ಅದರಲ್ಲಿ ಮನೆ ಪೂರ್ತಿ ನಡೆಯುವುದು ಕಷ್ಟ. ಹೀಗಾಗಿ ಎರಡನೇ ಕೆಲಸ ಬೇಕೇ ಬೇಕು.

ಬಂದ ತಕ್ಷಣ ಹೋಗಬೇಕಾದದ್ದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ಇದು ರಾಜ್ಯ ಸರ್ಕಾರದ್ದು. ಎಲ್ಲ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇರುವುದಿಲ್ಲ, ಒಂದೇ ಕಚೇರಿ ಅಕ್ಕಪಕ್ಕದ ಜಿಲ್ಲೆಗಳನ್ನೂ ನೋಡುತ್ತದೆ. ನಿಮ್ಮ ಜಿಲ್ಲೆ ಯಾವ ಕಚೇರಿಗೆ ಸೇರಿದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಬಸ್ ಹತ್ತಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ (ಪಿಪಿಓ ಅನ್ನುತ್ತಾರೆ), ಆಧಾರ್, ಫೋಟೊ ಒಯ್ಯಬೇಕು. ಅಲ್ಲಿ ಹೆಸರು ನೋಂದಾಯಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಕೊಡುತ್ತಾರೆ. ಮುಂದಿನ ಎಲ್ಲಾ ಕೆಲಸಕ್ಕೂ ಈ ಚೀಟಿಯೇ ಬೀಜ. ಕೆಲಸಕ್ಕೆ ಹೆಸರು ಬರೆಸುವುದೂ ಇಲ್ಲೇ.

ಈಗ ಹೆಸರಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ನಾನು ನೋಡಿದ ಮುಕ್ಕಾಲು ಪಾಲು ತೊಂದರೆ ಇಲ್ಲೇ ಇತ್ತು. ಸೈನ್ಯದ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು, ಶಾಲೆಯ ಟಿಸಿಯಲ್ಲಿ ಒಂದು, ಪಹಣಿಯಲ್ಲಿ ಮತ್ತೊಂದು. ನಮ್ಮ ಕಡೆ ಹೆಂಗಸರ ಹೆಸರಿನ ಕೊನೆಗೆ ಒಬ್ಬರು ಅಮ್ಮ ಅಂತ ಬರೆಯುತ್ತಾರೆ, ಇನ್ನೊಬ್ಬರು ದೇವಿ ಅಂತ. ಕೂಗುವುದಕ್ಕೆ ಎರಡೂ ಒಂದೇ. ಕಂಪ್ಯೂಟರಿಗೆ ಇಬ್ಬರು ಹೆಂಗಸರು!

ಸೈನಿಕ ಮದುವೆಯಾದರೆ, ಮಗು ಹುಟ್ಟಿದರೆ, ಅದು ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ದಾಖಲಾಗಬೇಕು. ಇದಕ್ಕೆ ಪಾರ್ಟ್ ಟೂ ಆರ್ಡರ್ ಎಂದು ಹೆಸರು. ಸೇವೆಯಲ್ಲಿ ಇರುವಾಗ ಇದು ಸುಲಭ, ಯೂನಿಟ್ಟಿನಲ್ಲೇ ಆಗಿಹೋಗುತ್ತದೆ. ಬಂದ ಮೇಲೆ ಮಾಡಿಸಬೇಕೆಂದರೆ ಮದುವೆಯ ನೋಂದಣಿ ಪತ್ರ, ಜನನ ಪತ್ರ, ಅಫಿಡವಿಟ್ಟು ಎಲ್ಲ ಸೇರಿಸಿ ಸೈನಿಕ ಕಲ್ಯಾಣ ಕಚೇರಿ ಮೂಲಕ ರೆಕಾರ್ಡ್ ಆಫೀಸಿಗೆ ಹೋಗಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವನಾದರೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವನಾದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಫಿರಂಗಿ ದಳಕ್ಕೆ ನಾಸಿಕ, ಇಎಂಇಗೆ ಸಿಕಂದರಾಬಾದ್. ಹೆಂಡತಿಯ ಹೆಸರು ಅಲ್ಲಿಲ್ಲದೆ ಸೈನಿಕ ತೀರಿಕೊಂಡರೆ ಕುಟುಂಬ ಪಿಂಚಣಿ ನಿಂತೇ ಹೋಗುತ್ತದೆ. ಕುಟುಂಬ ಪಿಂಚಣಿ ಅಂದರೆ ಕೊನೆಯ ಸಂಬಳದ ನೂರಕ್ಕೆ 30, ಕನಿಷ್ಠ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಒಣಬೇಸಾಯದ ಮನೆಯಲ್ಲಿ ತಿಂಗಳು ತಿಂಗಳು ಅಷ್ಟು ದುಡ್ಡು ಅಂದರೆ ಸಣ್ಣದಲ್ಲ. ನಮ್ಮ ಪಕ್ಕದ ಹಳ್ಳಿಯ ಒಬ್ಬ ವಿಧವೆ ಒಂದು ಅಕ್ಷರದ ವ್ಯತ್ಯಾಸಕ್ಕೆ ಎರಡು ಸುಗ್ಗಿ ಕಾಯ್ದರು. ಆದ್ದರಿಂದ ನಿಮ್ಮ ಮಗನೋ ತಮ್ಮನೋ ಇನ್ನೂ ಸೇವೆಯಲ್ಲಿದ್ದರೆ ಮುಂದಿನ ರಜೆಗೆ ಬಂದಾಗ ಕೂರಿಸಿಕೊಂಡು ಕೇಳಿ, "ಏನಪ್ಪ, ಹೆಂಡ್ತಿ ಮಕ್ಕಳ ಹೆಸರು ರೆಕಾರ್ಡಿಗೆ ಏರೈತಾ? ಆಧಾರಲ್ಲಿ ಇದ್ದಂಗೇ ಐತಾ?" ಅಂತ.

ಊರಲ್ಲಿ ಸಿಗುವ ಕಾಗದಗಳು, ಅಂದರೆ ವಂಶವೃಕ್ಷ, ಆದಾಯ, ಜಾತಿ, ವಾಸಸ್ಥಳ, ನಮಗೆ ತಳಕಿನ ನಾಡಕಚೇರಿಯಲ್ಲೇ ಆಗುತ್ತವೆ. ಮದುವೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಹತ್ತಿರ ಹೋಗಬೇಕು. 2012ರಲ್ಲಿ ಸಕಾಲ ಬಂದ ಮೇಲೆ ಪ್ರತಿ ಅರ್ಜಿಗೂ ಗಡುವು ಇದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಅದಿಲ್ಲದೆ "ನಾಳೆ ಬಾ" ಎನ್ನುವವರನ್ನು ಹಿಡಿಯಲು ಆಗುವುದಿಲ್ಲ.

ಇನ್ನು ಆಸ್ಪತ್ರೆ. 2003ರ ಏಪ್ರಿಲ್‌ನಿಂದ ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಒಮ್ಮೆ ಹಣ ಕಟ್ಟಿದರೆ ಜೀವಮಾನ ಪೂರ್ತಿ. ಗಂಡ ಹೆಂಡತಿ ಮಕ್ಕಳಿಗಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಸೈನಿಕನನ್ನೇ ನೆಚ್ಚಿಕೊಂಡಿರುವ ತಂದೆತಾಯಿಗೂ ಇದೆ, ಅವರಿಬ್ಬರ ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆಯಷ್ಟು ಮೀರಬಾರದು ಅಷ್ಟೆ. ಮೂರು ಎಕರೆ ಎರೆಯೋ ಕೆಂಪು ಮಸಾರಿಯೋ ಇಟ್ಟುಕೊಂಡ ನಮ್ಮ ಮುದುಕರಿಗೆ ಅಷ್ಟು ಆದಾಯ ಎಲ್ಲಿ? ನಮ್ಮ ತಾಯಿಯ ಕಣ್ಣಿನ ಪೊರೆಯ ಆಪರೇಶನ್ನು ಈ ಕಾರ್ಡಿನಲ್ಲೇ ಆಯಿತು. ಪಾಲಿಕ್ಲಿನಿಕ್ಕಿನಿಂದ ಚೀಟಿ ಪಡೆದು ಆಮೇಲೆ ಆಸ್ಪತ್ರೆಗೆ ಹೋಗಬೇಕು, ತುರ್ತು ಇದ್ದರೆ ಬೇರೆ.

ಪಿಂಚಣಿ ಈಗ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪ್ರಯಾಗರಾಜದಿಂದ ಬರುತ್ತದೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಬದುಕಿದ್ದೇನೆ ಎಂಬ ಪ್ರಮಾಣ ಕೊಡಬೇಕು. ಬೆರಳಚ್ಚು ಒತ್ತಿ ಮಾಡುವ ಜೀವನ್ ಪ್ರಮಾಣ್ 2014ರಲ್ಲಿ ಬಂತು, ಕಂಪ್ಯೂಟರ್ ಸೇವಾ ಕೇಂದ್ರದಲ್ಲಿ ಆಗುತ್ತದೆ. ಶೇಂಗಾ ಬಿಡಿಸಿ ಬೆರಳು ಸವೆದ ಮುದುಕಿಯರಿಗೆ ಅಚ್ಚು ಮೂಡುವುದಿಲ್ಲ. ಅವರಿಗೆ ಮುಖ ತೋರಿಸಿ ಮಾಡುವ ದಾರಿಯೂ ಮೊಬೈಲಿನಲ್ಲಿದೆ.

ಈಗ ದುಡ್ಡಿನ ಮಾತಿಗೆ ಬರೋಣ. ನಿವೃತ್ತಿಯ ಹೊತ್ತಿಗೆ ಸೈನಿಕ ತನ್ನ ಪಿಂಚಣಿಯ ಅರ್ಧದವರೆಗೆ ಮಾರಿ ಗಂಟು ಪಡೆಯಬಹುದು. ಲೆಕ್ಕ ಹೀಗೆ. ಪಿಂಚಣಿ 20,000 ಇದ್ದು, ಅದರಲ್ಲಿ 10,000 ಮಾರಿದ ಎನ್ನಿ. 40ರ ಒಳಗಿನವನಿಗೆ ಸುಮಾರು ಒಂಬತ್ತು ವರ್ಷದ ಮೊತ್ತ, ಅಂದರೆ ಹನ್ನೊಂದು ಲಕ್ಷದ ಹತ್ತಿರ ಕೈಗೆ ಬರುತ್ತದೆ. ಮುಂದಿನ 15 ವರ್ಷ ತಿಂಗಳಿಗೆ 10,000 ಕಡಿತ. ಒಟ್ಟು 18 ಲಕ್ಷ. ತುಟ್ಟಿಭತ್ಯೆ ಮಾತ್ರ ಪೂರ್ತಿ 20,000ದ ಮೇಲೆಯೇ ಬರುತ್ತದೆ. 15 ವರ್ಷದ ಮೇಲೆ ಪಿಂಚಣಿ ಮತ್ತೆ ಪೂರ್ತಿ.

ಈ ಗಂಟು ನಮ್ಮ ಕಡೆ ಎಲ್ಲಿಗೆ ಹೋಗುತ್ತದೆ ಗೊತ್ತೆ? ಕೊಳವೆಬಾವಿಗೆ. ಊರಿಗೆ ಬಂದ ಆರು ತಿಂಗಳಲ್ಲಿ ನೀರು ನೋಡುವವನು ತೆಂಗಿನಕಾಯಿ ಹಿಡಿದು ಹೊಲದಲ್ಲಿ ನಿಂತಿರುತ್ತಾನೆ. ನಾನು ಬಲ್ಲ ಒಬ್ಬರು ಒಂದೇ ವರ್ಷದಲ್ಲಿ ಮೂರು ಬೋರು ಹಾಕಿಸಿದರು, 700 ಅಡಿ ದಾಟಿತು, ಎರಡರಲ್ಲಿ ಬರೀ ಧೂಳು. ಮೂರನೆಯದು ಎರಡು ಬೇಸಿಗೆ ನೋಡಲಿಲ್ಲ. ಚಳ್ಳಕೆರೆ ತಾಲ್ಲೂಕು ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಇಲ್ಲಿ ಬೋರು ಅಂದರೆ ಜೂಜೇ. ಕೃಷಿ ಮಾಡುವ ಮನಸ್ಸಿದ್ದವನು ಮೊದಲು ಹೊಲಕ್ಕೆ ಬದು ಹಾಕಿಸಲಿ, ಕೃಷಿಹೊಂಡ ತೆಗೆಸಲಿ, ಹತ್ತಿಪ್ಪತ್ತು ಕುರಿ ಕಟ್ಟಲಿ. ನನ್ನ ತಮ್ಮನಿಗೆ ನಾನು ಹೇಳಿದ್ದು ಇಷ್ಟೆ, "ಒಂದು ವರ್ಷ ಗಂಟು ಬಿಚ್ಚಬ್ಯಾಡ ಕಣಪ್ಪ." ಅವನು ಅರ್ಧ ಕೇಳಿದ, ಅರ್ಧದಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿದ. ಇರಲಿ.

ಇನ್ನು ಎರಡನೇ ಕೆಲಸ. ಕರ್ನಾಟಕ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ 10 ಮೀಸಲು. ಇದು 1977ರ ನೇಮಕಾತಿ ನಿಯಮದಲ್ಲೇ ಇದೆ. ಪ್ರತಿ ವರ್ಗದ ಒಳಗೇ ಈ ಪಾಲು, ಅಂದರೆ ಪರಿಶಿಷ್ಟ ಜಾತಿಯ ಸೈನಿಕನಿಗೆ ಆ ವರ್ಗದಲ್ಲಿ, ಹಿಂದುಳಿದವನಿಗೆ ಅವನ ವರ್ಗದಲ್ಲಿ. ವಯಸ್ಸಿನ ಮಿತಿಗೆ ಸೇವೆಯ ವರ್ಷಗಳನ್ನೂ ಅದರ ಮೇಲೆ ಮೂರು ವರ್ಷವನ್ನೂ ಕೂಡಿಸಿಕೊಡುತ್ತಾರೆ. 17 ವರ್ಷ ಸೇವೆ ಇದ್ದವನಿಗೆ 20 ವರ್ಷದ ರಿಯಾಯಿತಿ ಸಿಕ್ಕಂತಾಯಿತು. ವಯಸ್ಸಾಯಿತು ಎಂದು ಅರ್ಜಿಯನ್ನೇ ಹಾಕದವರನ್ನು ನೋಡಿದ್ದೇನೆ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಯ 1,000 ಹುದ್ದೆ ಕರೆದಾಗಲೂ ಮಾಜಿ ಸೈನಿಕರ ಪಾಲು ಇತ್ತು. ಆದರೆ ಪರೀಕ್ಷೆ ಬರೆಯಲೇಬೇಕು, ಕನ್ನಡದ ಪತ್ರಿಕೆಯೂ ಇರುತ್ತದೆ. ಹದಿನೇಳು ವರ್ಷ ಹಿಂದಿಯಲ್ಲೇ ಮಾತಾಡಿ ಬಂದವನ ಕೈಗೆ ಒತ್ತಕ್ಷರ ಬರುವುದಿಲ್ಲ. ನನ್ನ ತಮ್ಮ ಮಗಳ ಏಳನೇ ಕ್ಲಾಸಿನ ಪುಸ್ತಕ ಹಿಡಿದು ಕೂತ.

ಕೇಂದ್ರ ಸರ್ಕಾರದಲ್ಲಿ ಗ್ರೂಪ್ ಸಿ ಹುದ್ದೆಗೆ ನೂರಕ್ಕೆ 10. ರಾಷ್ಟ್ರೀಕೃತ ಬ್ಯಾಂಕು ಮತ್ತು ಕೇಂದ್ರದ ಕಾರ್ಖಾನೆಗಳಲ್ಲಿ ಗ್ರೂಪ್ ಸಿಗೆ 14.5, ಕೆಳದರ್ಜೆಯ ಹುದ್ದೆಗೆ 24.5. ಇನ್ನೊಂದು ವಿಷಯ ಹಲವರಿಗೆ ತಿಳಿಯದು. ಹತ್ತನೇ ಪಾಸಾಗಿ 15 ವರ್ಷ ಸೇವೆ ಮಾಡಿದವನನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗೆ ಪದವೀಧರನ ಸಮ ಎಂದು ಪರಿಗಣಿಸುತ್ತಾರೆ, ತಾಂತ್ರಿಕ ಹುದ್ದೆ ಆಗಿರಬಾರದು. ಆ ಪ್ರಮಾಣಪತ್ರ ಡಿಸ್ಚಾರ್ಜ್ ಆಗುವಾಗಲೇ ಪಡೆದು ಬರಬೇಕು. ಮೂರು ನಾಲ್ಕು ಕಡೆ ಅರ್ಜಿ ಹಾಕಿ ಅದರಲ್ಲಿ ಒಂದು ಕೆಲಸಕ್ಕೆ ಸೇರಿದರೆ, ಸೇರುವ ದಿನವೇ ಉಳಿದ ಅರ್ಜಿಗಳ ಪಟ್ಟಿಯನ್ನು ಬರೆದು ಕೊಡಬೇಕು. ಕೊಡದಿದ್ದರೆ ಮುಂದೆ ಒಳ್ಳೆಯ ಹುದ್ದೆ ಬಂದರೂ ಮೀಸಲಾತಿ ಇಲ್ಲ. ಪಿಂಚಣಿಗೆ ಮೊದಲೇ ತಾನಾಗಿ ಕೇಳಿಕೊಂಡು ಬಿಟ್ಟು ಬಂದವನಿಗೆ ಈ ಯಾವ ಮೀಸಲಾತಿಯೂ ಇಲ್ಲ.

ಕಾವಲುಗಾರನ ಕೆಲಸ ಸುಲಭವಾಗಿ ಸಿಗುತ್ತದೆ. ಆದರೆ ಯಾರ ಮೂಲಕ ಸೇರುತ್ತೀರಿ ಎನ್ನುವುದು ಮುಖ್ಯ. ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯ (ಡಿಜಿಆರ್) ಪಟ್ಟಿ ಮಾಡಿದ ಏಜೆನ್ಸಿಗಳಿವೆ. ಅವುಗಳಲ್ಲಿ ನೂರಕ್ಕೆ 90 ಮಂದಿ ಮಾಜಿ ಸೈನಿಕರೇ ಇರಬೇಕು, ಸಂಬಳವೂ ನಿಗದಿಯಾದ ದರದಲ್ಲಿ. ಪಟ್ಟಿಯಲ್ಲಿಲ್ಲದ ಏಜೆನ್ಸಿಯವರು ಹನ್ನೆರಡು ಗಂಟೆ ನಿಲ್ಲಿಸಿ ಅರ್ಧ ಸಂಬಳ ಕೊಡುತ್ತಾರೆ. ನಮ್ಮ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು, ಖುದಾಪುರದ ಕಡೆ ಡಿಆರ್‌ಡಿಓ, ಐಐಎಸ್‌ಸಿ, ಬಿಎಆರ್‌ಸಿ, ಇಸ್ರೋ ಬಂದಿವೆ. ಡಿಆರ್‌ಡಿಓದ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು ಹೋಯಿತು, ಅದರ ಸಂಕಟ ಬೇರೆಯೇ ಲೇಖನ. ಇಂಥ ಸಂಸ್ಥೆಗಳ ಗೇಟಿನ ಕೆಲಸ ಕೇಳುವವರು ಮೊದಲು ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ಬರೆಸಿ, ಯಾವ ಏಜೆನ್ಸಿ ಪಟ್ಟಿಯಲ್ಲಿದೆ ಎಂದು ತಿಳಿದುಕೊಳ್ಳಲಿ. ನನ್ನ ತಮ್ಮ ಎರಡೂವರೆ ವರ್ಷ ಶೇಂಗಾ, ಕುರಿ ಎಂದು ನನ್ನ ಜೊತೆ ಇದ್ದು, ಈಗ ಒಂದು ಬ್ಯಾಂಕಿನಲ್ಲಿ ಬಂದೂಕು ಹಿಡಿದು ನಿಂತಿದ್ದಾನೆ. ಭಾನುವಾರ ಹೊಲಕ್ಕೆ ಬರುತ್ತಾನೆ.

ಜಮೀನಿನ ಆಸೆಯೂ ಎಲ್ಲರಿಗೂ ಇದೆ. 1969ರ ಭೂ ಮಂಜೂರಾತಿ ನಿಯಮದಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ನೂರಕ್ಕೆ 10 ಪಾಲು ಇಟ್ಟಿದ್ದಾರೆ. ಅರ್ಜಿ ತಹಸೀಲ್ದಾರರಿಗೆ. ಆದರೆ ಮಂಜೂರು ಮಾಡಲು ಜಮೀನು ಇರಬೇಕಲ್ಲ? ಊರಿನ ನೂರು ದನಕ್ಕೆ 30 ಎಕರೆ ಗೋಮಾಳ ಉಳಿಸಲೇಬೇಕೆಂದು ನಿಯಮ. ಉಳಿದದ್ದು ಕಲ್ಲುಗುಡ್ಡ. ಸಿಕ್ಕಿದವರೂ ಸಾಗುವಳಿ ಚೀಟಿ ಸಿಕ್ಕಿತೆಂದು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾರೆ. ಅಳತೆ ಮಾಡಿಸಿ, ಪೋಡಿಯಾಗಿ, ಪಹಣಿಯಲ್ಲಿ ಹೆಸರು ಬರುವ ತನಕ ಅದು ನಿಮ್ಮದು ಎಂದು ನಂಬಬೇಡಿ. ಜಮೀನಿನ ಭರವಸೆ ಮೇಲೆ ಕೆಲಸ ಹುಡುಕುವುದನ್ನು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಮಕ್ಕಳ ಓದಿಗೂ ದಾರಿ ಇದೆ. ಸಿಇಟಿಯಲ್ಲಿ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಸೀಟು ಇಟ್ಟಿದ್ದಾರೆ, ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲೂ ಪಾಲಿದೆ. ಪಿಯುಸಿಯಲ್ಲಿ ನೂರಕ್ಕೆ 60 ತೆಗೆದು ವೃತ್ತಿಪರ ಕೋರ್ಸಿಗೆ ಸೇರಿದ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ, ಹುಡುಗಿಗೆ ತಿಂಗಳಿಗೆ 3,000, ಹುಡುಗನಿಗೆ 2,500.

ಪಿಂಚಣಿಯೇ ಇಲ್ಲದ ಹಳಬರೂ ನಮ್ಮ ಹಳ್ಳಿಗಳಲ್ಲಿದ್ದಾರೆ, ಐದಾರು ವರ್ಷ ಸೇವೆ ಮಾಡಿ ಬಂದವರು. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನವರು, 65 ದಾಟಿದವರು, ಮತ್ತು ಅಂಥವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳಿಗೆ 4,000 ರೂಪಾಯಿ ನೆರವಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು 8,000ಕ್ಕೆ ಏರಿಸಿದರು. ಡಿಸೆಂಬರ್ 7ರ ಧ್ವಜ ದಿನಕ್ಕೆ ಶಾಲೆಯಲ್ಲಿ ಮಕ್ಕಳ ಹತ್ತಿರ ಕಾಸು ಪಡೆದು ಪುಟ್ಟ ಬಾವುಟ ಕೊಡುತ್ತಾರಲ್ಲ, ಆ ನಿಧಿಯ ಹಣವೇ ಇದು. ಅರ್ಜಿ ಹಾಕುವುದು ಮೊದಲು ಹೇಳಿದ ಅದೇ ಕಚೇರಿ ಮೂಲಕ. ನಿಮ್ಮ ಊರಿನಲ್ಲಿ ಇಂಥ ಅಜ್ಜ ಇದ್ದರೆ ಡಿಸ್ಚಾರ್ಜ್ ಪುಸ್ತಕ ಎಲ್ಲಿಟ್ಟಿದ್ದಾರೆ ಎಂದು ಇವತ್ತೇ ಕೇಳಿ. ಹಳೇ ಟ್ರಂಕಿನ ತಳದಲ್ಲಿ ಗೆದ್ದಲು ಹತ್ತಿರುತ್ತದೆ.

ಕೊನೆಗೆ ಅಗ್ನಿವೀರರು. 2022ರಲ್ಲಿ ಬಂದ ಯೋಜನೆಯಿದು. ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ 25 ಮಂದಿವರೆಗೆ ಮಾತ್ರ ಸೈನ್ಯದಲ್ಲಿ ಉಳಿಯುತ್ತಾರೆ. ವಾಪಸು ಬರುವವರಿಗೆ ಸೇವಾನಿಧಿ ಎಂದು ಬಡ್ಡಿ ಸೇರಿ ಸುಮಾರು 11.71 ಲಕ್ಷ. ಅದರಲ್ಲಿ ಅರ್ಧ ಹುಡುಗನ ಸಂಬಳದಿಂದಲೇ ಹಿಡಿದದ್ದು. ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಯೋಜನೆಯ ಷರತ್ತಿನ ಪ್ರಕಾರ ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಅಂದರೆ ಮೇಲೆ ಬರೆದದ್ದರಲ್ಲಿ ಹೆಚ್ಚಿನದು ಅವರಿಗೆ ಅನ್ವಯಿಸದು. ಕೇಂದ್ರ ಪೊಲೀಸ್ ಪಡೆಗಳಲ್ಲಿ ನೂರಕ್ಕೆ 10 ಮೀಸಲು ಕೊಡುವುದಾಗಿ 2022ರಲ್ಲೇ ಪ್ರಕಟಿಸಿದ್ದಾರೆ. ಮನೆಯ ಹುಡುಗ ಅಗ್ನಿವೀರನಾಗಿದ್ದರೆ, ಪಿಯುಸಿ ಮುಗಿಸಿರದಿದ್ದರೆ ಸೇವೆಯಲ್ಲಿರುವಾಗಲೇ ಮುಗಿಸುವಂತೆ ಹೇಳಿ, ಕಲಿತ ಕಸುಬಿನ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದೇ ಬರಲಿ. ಅವನ ಸೇವಾನಿಧಿ ಬರುವ ದಿನ ಬೋರ್‌ವೆಲ್ ಲಾರಿಯವನಿಗೂ ಗೊತ್ತಿರುತ್ತದೆ.