ಮಿನಿಕಾಯ್‌ಗೆ ಹೊರಟಿರಾ? ಪರ್ಮಿಟ್ ಮೊದಲು, ಟಿಕೆಟ್ ಆಮೇಲೆ

ಬೆಂಗಳೂರಿನಿಂದ ಅಗತ್ತಿಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ಲಕ್ಷದ್ವೀಪವೂ ಗೋವಾದಷ್ಟೇ ಸಲೀಸು ಎಂದುಕೊಂಡವರು ಹೆಚ್ಚಾಗಿದ್ದಾರೆ. ಅಗ್ಗದ ಟಿಕೆಟ್ ಕಂಡ ತಕ್ಷಣ ಬುಕ್ ಮಾಡಿ, ಆಮೇಲೆ ‘ಪರ್ಮಿಟ್ ಬೇಕಾ?’ ಎಂದು ವಿಚಾರಿಸುತ್ತಾರೆ. ಬೇಕು. ಭಾರತೀಯರಿಗೂ ಬೇಕು.

ಲಕ್ಷದ್ವೀಪದಲ್ಲಿ ಜನವಸತಿ ಇರುವ ಹತ್ತು ದ್ವೀಪಗಳ ಪೈಕಿ ತೀರಾ ದಕ್ಷಿಣದ್ದು ಮಿನಿಕಾಯ್. ಮಾಲ್ಡೀವ್ಸ್‌ನ ದಿವೇಹಿಗೆ ಹತ್ತಿರದ ಮಹಲ್ ಭಾಷೆ, ಟ್ಯೂನಾ ಮೀನುಗಾರಿಕೆ, 1885ರ ದೀಪಸ್ತಂಭ ಅಲ್ಲಿನ ವಿಶೇಷ. ಉತ್ತರದ ಅಮಿನಿ, ಕಡ್ಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ಹಳೆಯ ನಂಟಿನಿಂದ ನಮಗೇನೂ ರಿಯಾಯಿತಿ ಸಿಗದು.

1. ಕಾಲ: ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯದು. ಮಳೆಗಾಲದಲ್ಲಿ ಹಡಗು ನಂಬಿ ಹೊರಡಬೇಡಿ.

2. ಪೊಲೀಸ್ ಪ್ರಮಾಣಪತ್ರ: ಪರ್ಮಿಟ್ ಅರ್ಜಿಗೆ ಇದು ಬೇಕು. ಸೇವಾಸಿಂಧು ಮೂಲಕ ಅರ್ಜಿ ಹಾಕಿ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಸಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ತಕರಾರು ಖಂಡಿತ.

3. ಪರ್ಮಿಟ್: ಹೆಚ್ಚಿನವರು ಎಡವುವುದು ಇಲ್ಲೇ. ‘ಲಕ್ಷದ್ವೀಪ’ ಎಂದು ಸಾರಾಸಗಟಾಗಿ ಅನುಮತಿ ಕೊಡುವುದಿಲ್ಲ. ಹೋಗುವ ದ್ವೀಪದ ಹೆಸರು ಪರ್ಮಿಟ್‌ನಲ್ಲಿ ಇರಲೇಬೇಕು. ಅಗತ್ತಿ ಎಂದಷ್ಟೇ ಬರೆದಿದ್ದರೆ ಮಿನಿಕಾಯ್ ನೋಡುವ ಆಸೆ ಬಿಡಬೇಕಾಗುತ್ತದೆ. ಅಗತ್ತಿಗೆ ಇಳಿದು ‘ಪಕ್ಕದ’ ಮಿನಿಕಾಯ್‌ಗೆ ಹೋಗುತ್ತೇವೆ ಎನ್ನುವವರು ಒಮ್ಮೆ ನಕ್ಷೆ ನೋಡಲಿ: ನಡುವೆ ಸುಮಾರು 300 ಕಿ.ಮೀ. ಸಮುದ್ರವಿದೆ. ಎರಡೂ ಕಡೆ ಹೋಗುವುದಿದ್ದರೆ ಎರಡೂ ಹೆಸರು ಬರೆಸಿ. ಪರ್ಮಿಟ್ ಕೈಗೆ ಬಂದ ಮೇಲೆ ಹೆಸರು, ದಿನಾಂಕ, ದ್ವೀಪ ಮೂರನ್ನೂ ಗಟ್ಟಿಯಾಗಿ ಓದಿ ಸರಿನೋಡಿ. ಸ್ಥಳೀಯ ಆತಿಥೇಯರು ಅಥವಾ ಪ್ರವಾಸ ಸಂಸ್ಥೆಯ ಮೂಲಕವೇ ಅರ್ಜಿ ಹೋಗಬೇಕಾದ್ದರಿಂದ, ‘ಎಲ್ಲಾ ನಾವೇ ನೋಡ್ಕೋತೀವಿ, ಪೂರ್ತಿ ದುಡ್ಡು ಕಳಿಸಿ’ ಎನ್ನುವ ಏಜೆಂಟರ ಬಗ್ಗೆ ಹುಷಾರು. ನನ್ನ ಮಾತು ಕೇಳುವುದಾದರೆ ಸರ್ಕಾರದ್ದೇ ಆದ ‘ಸ್ಪೋರ್ಟ್ಸ್’ ಎಂಬ ಪ್ರವಾಸ ಸಂಸ್ಥೆಯ ಪ್ಯಾಕೇಜ್ ಮೊದಲು ವಿಚಾರಿಸಿ; ಹೊಸಬರಿಗೆ ಅದೇ ಲೇಸು.

4. ಹಡಗು: ಮಿನಿಕಾಯ್‌ನಲ್ಲಿ ವಿಮಾನ ನಿಲ್ದಾಣವಿಲ್ಲ. ಕೊಚ್ಚಿಯಿಂದ ಸುಮಾರು 400 ಕಿ.ಮೀ., ರಾತ್ರಿಯಿಡೀ ಪ್ರಯಾಣ. ದ್ವೀಪದ ಜನರಿಗೆ ಆ ಹಡಗೇ ಕೆಂಪು ಬಸ್ಸು. ರೋಗಿಗಳು, ವಿದ್ಯಾರ್ಥಿಗಳು ಅದನ್ನೇ ನೆಚ್ಚಿರುತ್ತಾರೆ. ಸೀಟಿಗಾಗಿ ಜಗಳ ತೆಗೆಯಬೇಡಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರಲ್ಲಿ ಕೇಳಿ ಇಟ್ಟುಕೊಳ್ಳಿ.

5. ಉಳಿದದ್ದು: ಮದ್ಯ ಒಯ್ಯಬೇಡಿ, ನಿಷೇಧವಿದೆ. ಹವಳದ ಚೂರನ್ನೂ ಎತ್ತಿಕೊಂಡು ಬರಬೇಡಿ, ಅಪರಾಧ. ಊರೊಳಗೆ ಈಜುಡುಪು ಬೇಡ. ನಗದು ಇರಲಿ. ಹಡಗಿನ ವೇಳೆ ಏರುಪೇರಾಗುವುದುಂಟು. ಕೊಚ್ಚಿಯಿಂದ ಊರಿಗೆ ಬರುವ ರೈಲನ್ನು ಅದೇ ದಿನಕ್ಕೆ ಬುಕ್ ಮಾಡಬೇಡಿ.