ಅಂಟಿದ್ದೆಲ್ಲ ಬೇಕಾದದ್ದಲ್ಲ: ಡಿಎನ್‌ಎ ಬಂಧಕ ಪ್ರೋಟೀನಿನ ಶುದ್ಧೀಕರಣ

ತರಗತಿ: ದ್ವಿತೀಯ ಪಿಯುಸಿ, ಹೊಸದುರ್ಗ
ಪೂರ್ವಜ್ಞಾನ: ಲ್ಯಾಕ್ ಒಪೆರಾನ್
ಸಾಮಗ್ರಿ: ಕಂಬಳಿ ಚೂರುಗಳು, ಉತ್ತರಾಣಿ ಬೀಜ, ಪ್ರೆಸ್ ಬಟನ್, ಬಾಚಣಿಗೆ, ಡಬ್ಬಿ

ಉದ್ದೇಶ: ನಿರ್ದಿಷ್ಟ ಮತ್ತು ಅನಿರ್ದಿಷ್ಟ ಬಂಧಗಳ ವ್ಯತ್ಯಾಸ ತಿಳಿದು, ಎರಡನೆಯದನ್ನು ತಗ್ಗಿಸುವ ಉಪಾಯಗಳಿಗೆ ಕಾರಣ ಹೇಳುವುದು.

ಪೀಠಿಕೆ: ಡಿಎನ್‌ಎ ಜೋಡಿಸಿದ ಮಣಿಗಳ ಮೇಲೆ ಜೀವಕೋಶದ ರಸ ಹರಿಸಿದರೆ ಏನು ಉಳಿಯುತ್ತದೆ ಎಂದು ಕೇಳಿದೆ. ‘ನಮಗೆ ಬೇಕಾದ ಪ್ರೋಟೀನ್’ ಎಂದರು ಅನೇಕರು. ಈ ಉತ್ತರ ಅರ್ಧ ಮಾತ್ರ ಸರಿ. ಡಿಎನ್‌ಎಯ ಫಾಸ್ಫೇಟುಗಳಲ್ಲಿ ಋಣಾವೇಶವಿದೆ. ಲೈಸೀನ್, ಆರ್ಜಿನೀನ್ ಹೆಚ್ಚಿರುವ ಧನಾವೇಶದ ಪ್ರೋಟೀನುಗಳು ಅಕ್ಷರಕ್ರಮ ಯಾವುದಿದ್ದರೂ ಅದಕ್ಕೆ ಅಂಟುತ್ತವೆ. ಲ್ಯಾಕ್ ರಿಪ್ರೆಸರ್ ಕೂಡ ಆಪರೇಟರ್ ಅಲ್ಲದ ಡಿಎನ್‌ಎಗೆ ಸಡಿಲವಾಗಿ ಅಂಟುತ್ತದೆ.

ಚಟುವಟಿಕೆ: ಕಂಬಳಿ ಚೂರಿಗೆ ಪ್ರೆಸ್ ಬಟನ್ನಿನ ಒಂದು ಅರ್ಧ ಹೊಲಿದಿದ್ದೆ. ಬಟ್ಟೆಯ ತುಂಡಿಗೆ ಹೊಲಿದ ಇನ್ನರ್ಧವನ್ನು ಅದಕ್ಕೆ ಒತ್ತಿ, ಉತ್ತರಾಣಿ ಬೀಜಗಳಿದ್ದ ಡಬ್ಬಿಯಲ್ಲಿ ಕುಲುಕಿಸಿದೆ. ಬೀಜಗಳು ಎಲ್ಲೆಂದರಲ್ಲಿ ಕಚ್ಚಿಕೊಂಡವು. ಬಾಚಿದಾಗ ಬೀಜಗಳು ಉದುರಿದವು, ಬಟನ್ ನಿಂತಿತು. ಎರಡನೇ ಸಲ, ಬೀಜಗಳಿದ್ದ ಡಬ್ಬಿಗೆ ಮೊದಲೇ ಹಳೆಯ ಕಂಬಳಿ ಚೂರುಗಳನ್ನು ಹಾಕಿ ಕುಲುಕಿದೆವು. ಬೀಜಗಳು ಅವಕ್ಕೇ ಅಂಟಿ, ಬಟನ್ನಿನ ಚೂರಿಗೆ ಕೆಲವೇ ಸಿಕ್ಕವು.

ವಿವರಣೆ: ಬಾಚಣಿಗೆ ಎಂದರೆ ಉಪ್ಪು. ಅದರ ಅಯಾನುಗಳು ಆವೇಶಗಳ ಸೆಳೆತವನ್ನು ತಗ್ಗಿಸುತ್ತವೆ. ಹಳೆಯ ಚೂರುಗಳೆಂದರೆ ಸ್ಪರ್ಧಿ ಡಿಎನ್‌ಎ: ಸಾಲ್ಮನ್ ಮೀನಿನ ಡಿಎನ್‌ಎ ಅಥವಾ ಕೃತಕ ಪಾಲಿ ಡಿಐ-ಡಿಸಿ. 1986ರಲ್ಲಿ ಕಾಡೊನಾಗಾ ಮತ್ತು ಟಿಜಿಯನ್ ಹೀಗೆಯೇ ಸ್ಪರ್ಧಿ ಡಿಎನ್‌ಎ ಬೆರೆಸಿ, ಎಸ್‌ಪಿ1 ಪ್ರೋಟೀನನ್ನು ಎರಡು ಸುತ್ತುಗಳಲ್ಲಿ 500ರಿಂದ 1000 ಪಟ್ಟು ಶುದ್ಧಗೊಳಿಸಿದರು. ಕೋಶದ ರಸದಲ್ಲೇ ಇರುವ ಡಿಎನ್‌ಎ, ಆರ್‌ಎನ್‌ಎಗಳನ್ನು ನ್ಯೂಕ್ಲಿಯೇಸ್ ಕಿಣ್ವದಿಂದ ಮೊದಲೇ ಕತ್ತರಿಸುವುದೂ ಉಂಟು. ಇಲ್ಲದಿದ್ದರೆ ಅವು ಬೇರೆ ಪ್ರೋಟೀನುಗಳನ್ನು ಜೊತೆಗೆ ಎಳೆದು ತರುತ್ತವೆ.

‘ಮೇಡಂ, ಹಾಗಾದ್ರೆ ಮೊದಲೇ ಜಾಸ್ತಿ ಉಪ್ಪು ಹಾಕಿಬಿಟ್ರೆ?’ ಎಂದಳು ಒಬ್ಬ ವಿದ್ಯಾರ್ಥಿನಿ. ಅವಳ ಕೈಗೇ ಕಂಬಳಿ ಕೊಟ್ಟು ಬಟನ್ ಜೋರಾಗಿ ಎಳೆಯಲು ಹೇಳಿದೆ. ಅದೂ ಬಿಚ್ಚಿಕೊಂಡಿತು. ಆದ್ದರಿಂದ ಕಡಿಮೆ ಉಪ್ಪಿನಲ್ಲಿ ತೊಳೆದು, ಹೆಚ್ಚು ಉಪ್ಪಿನಲ್ಲಿ ಇಳಿಸಿಕೊಳ್ಳುತ್ತಾರೆ. ಸ್ಪರ್ಧಿ ಡಿಎನ್‌ಎಯೂ ಅತಿಯಾದರೆ ಬೇಕಾದ ಪ್ರೋಟೀನನ್ನೇ ಕಸಿಯುತ್ತದೆ. ಸರಿಯಾದ ಪ್ರಮಾಣವನ್ನು ಪ್ರತಿ ಪ್ರೋಟೀನಿಗೂ ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು.

ಮಾದರಿಯ ಮಿತಿ: ಬಟನ್ನನ್ನು ನಾವು ಒತ್ತುತ್ತೇವೆ, ಪ್ರೋಟೀನ್ ತಾನೇ ಅಲೆದು ತಾಣ ಹುಡುಕುತ್ತದೆ. ಬಾಚಣಿಗೆ ಎಳೆಯುತ್ತದೆ, ಉಪ್ಪು ಎಳೆಯುವುದಿಲ್ಲ, ಹಿಡಿತ ಸಡಿಲಿಸುತ್ತದೆ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಹೊಸ ತಪ್ಪುಕಲ್ಪನೆ ಹುಟ್ಟುತ್ತದೆ.

ಮೌಲ್ಯಮಾಪನ: ‘ಉಳಿದ ಪ್ರೋಟೀನ್ ಆ ತಾಣಕ್ಕೇ ಅಂಟಿತ್ತು ಎಂದು ಹೇಗೆ ಸಾಬೀತುಪಡಿಸುವಿರಿ?’ ನಿರೀಕ್ಷಿತ ಉತ್ತರ: ತಾಣದ ಅಕ್ಷರ ಬದಲಿಸಿದ ಡಿಎನ್‌ಎಯಿಂದ ಅದೇ ಪ್ರಯೋಗ ಮಾಡಿ ಹೋಲಿಸುವುದು.

ಸಲಹೆ: ಈ ಹೋಲಿಕೆಯ ಪ್ರಶ್ನೆಗೆ ಕನಿಷ್ಠ 10 ನಿಮಿಷ ಮೀಸಲಿಡಿ. ವಿಧಾನದ ಹೆಸರು ಮರೆತರೂ, ಹೋಲಿಕೆಯಿಲ್ಲದೆ ಫಲಿತಾಂಶ ಒಪ್ಪಬಾರದೆಂಬ ಅಭ್ಯಾಸ ಮಕ್ಕಳಲ್ಲಿ ಉಳಿಯಬೇಕು.