ಹೆಜ್ಜೆಯೂ ಭಾವವೂ

ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳ ಸಿದ್ಧವಾಗಿದೆ. ಚೆಂಡೆಯ ದನಿ ಏರುತ್ತಿದ್ದಂತೆ ವೇಷಧಾರಿಯೊಬ್ಬನು ಮಂಡಿಯೂರಿ ಗಿರಗಿರನೆ ಸುತ್ತತೊಡಗುತ್ತಾನೆ. ಪ್ರೇಕ್ಷಕರು ಸುತ್ತುಗಳನ್ನು ಎಣಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಸಂದುದು ಯಾರಿಗೆ? ಕುಣಿದ ಕಲಾವಿದನಿಗೋ, ಅವನು ಧರಿಸಿದ ಪಾತ್ರಕ್ಕೋ?

ಈ ಪ್ರಶ್ನೆ ಹೊಸದಲ್ಲ. ತಾಳಲಯಗಳನ್ನು ಮಾತ್ರ ಆಶ್ರಯಿಸಿ, ಯಾವ ಅರ್ಥವನ್ನೂ ಸೂಚಿಸದ ಕುಣಿತವನ್ನು ನಮ್ಮ ಪ್ರಾಚೀನ ಲಾಕ್ಷಣಿಕರು ನೃತ್ತವೆಂದು ಕರೆದರು. ಭಾವವನ್ನು ಪ್ರಕಟಿಸುವ ಕುಣಿತವನ್ನು ನೃತ್ಯವೆಂದರು. ಭರತನ ನಾಟ್ಯಶಾಸ್ತ್ರವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯದಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ. ಹಾಡು, ಮಾತು, ವೇಷ, ಕುಣಿತ ಇವೆಲ್ಲವೂ ಕೂಡಿರುವ ಯಕ್ಷಗಾನದಲ್ಲಿ ಈ ನಾಲ್ಕೂ ಒಂದೇ ಭಾವದ ಕಡೆಗೆ ಸಾಗಬೇಕಾಗುತ್ತದೆ.

ಭಸ್ಮಾಸುರನ ಕಥೆಯನ್ನು ನೋಡೋಣ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಭಸ್ಮವಾಗಬೇಕೆಂಬ ವರವನ್ನು ಶಿವನಿಂದ ಪಡೆದ ಅಸುರನು ಶಿವನನ್ನೇ ಬೆನ್ನಟ್ಟುತ್ತಾನೆ. ವಿಷ್ಣುವು ಮೋಹಿನಿಯಾಗಿ ಬಂದು ಕುಣಿಯುತ್ತಾನೆ. ಮೋಹಗೊಂಡ ಅಸುರನು ಅವಳು ಕುಣಿದಂತೆಯೇ ಕುಣಿಯಲು ತೊಡಗುತ್ತಾನೆ. ಇಲ್ಲಿ ಕುಣಿತವು ಕಥೆಗೆ ತೊಡಿಸಿದ ಒಡವೆಯಲ್ಲ, ಕುಣಿತವೇ ಕಥೆ. ಅಸುರನು ಮೊದಲು ತಡವರಿಸಬೇಕು, ಆಮೇಲೆ ಹಿಗ್ಗಬೇಕು, ಕೊನೆಗೆ ಮೈಮರೆಯಬೇಕು. ಹೆಜ್ಜೆ ಬಲ್ಲ ಕಲಾವಿದನು ಹೆಜ್ಜೆ ಅರಿಯದವನಂತೆ ಕುಣಿಯಬೇಕು! ಆರಂಭದಲ್ಲಿಯೇ ಅವನು ತನ್ನ ಚಮತ್ಕಾರವನ್ನೆಲ್ಲ ತೋರಿಸಿದರೆ ಕಲಾವಿದ ಗೆಲ್ಲುತ್ತಾನೆ, ಭಸ್ಮಾಸುರ ಸೋಲುತ್ತಾನೆ. ಮೋಹಿನಿ ತನ್ನ ತಲೆಯ ಮೇಲೆ ಕೈಯಿಡುತ್ತಾಳೆ, ಅವನೂ ಇಡುತ್ತಾನೆ. ಇಡೀ ಪ್ರಸಂಗದಲ್ಲಿ ಇದಕ್ಕಿಂತ ಸುಲಭವಾದ ಚಲನೆ ಇಲ್ಲ. ಇದಕ್ಕಿಂತ ಅರ್ಥವತ್ತಾದುದೂ ಇಲ್ಲ. ಈ ಪಾತ್ರದಿಂದ ಮನೆಮಾತಾದವರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಡಾ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ಬಹುಮಟ್ಟಿಗೆ ಕೈಬಿಟ್ಟು, ಹಾಡು ಕುಣಿತಗಳಿಂದಲೇ ಕಥೆಯನ್ನು ನಿರೂಪಿಸಲು ಯತ್ನಿಸಿದರು. ಮಾತಿನ ಆಸರೆ ಇಲ್ಲದಾಗ ನಿಲುವು, ನಡೆ, ನೋಟಗಳೇ ನುಡಿಯಬೇಕಷ್ಟೆ.

ಹಾಗೆಂದು ಕುಣಿತದ ಶಿಕ್ಷಣವನ್ನು ಕಡೆಗಣಿಸಲಾಗದು. ಎದೆಯಲ್ಲಿ ಎಷ್ಟೇ ಭಾವವಿದ್ದರೂ ತಾಳ ತಪ್ಪಿದ ಕಾಲು ಅದನ್ನು ಪ್ರೇಕ್ಷಕರಿಗೆ ಮುಟ್ಟಿಸಲಾರದು. ಹೆಜ್ಜೆಯ ಚಿಂತೆಯಲ್ಲಿಯೇ ಮುಳುಗಿದವನಿಗೆ ಪಾತ್ರವನ್ನು ನೆನೆಯಲು ಬಿಡುವೆಲ್ಲಿ? ಭಾಗವತರ ಹಾಡಿಗೆ ಕಾಲು ತಾನಾಗಿಯೇ ಹೆಜ್ಜೆಯಿಡುವಷ್ಟು ಅಭ್ಯಾಸವಾದ ಮೇಲೆಯೇ ಮನಸ್ಸು ಪಾತ್ರದೊಳಗೆ ಇಳಿಯಬಲ್ಲದು.

ಮೊದಲು ಕಂಡ ಮಂಡಿಯ ಕುಣಿತಕ್ಕೆ ಮರಳೋಣ. ಚಕ್ರವ್ಯೂಹಕ್ಕೆ ನುಗ್ಗುವ ಬಾಲಕ ಅಭಿಮನ್ಯುವಿಗೆ ಅದು ಒಪ್ಪುತ್ತದೆ. ಎಳೆಯ ವೀರನ ಅಡಗಿಸಲಾಗದ ಉತ್ಸಾಹ ಅದರಲ್ಲಿ ಕಾಣುತ್ತದೆ. ತಾಯಿ ಸುಭದ್ರೆಯನ್ನು ಬೀಳ್ಕೊಳ್ಳುವಾಗ ಅದೇ ಕುಣಿತ ಬಂದರೆ ಕರುಣರಸ ಕದಡಿಹೋಗುತ್ತದೆ. ಅಲ್ಲಿ ಬಾಗಿದ ತಲೆಯೊಂದೇ ಸಾಕು. ಎಲ್ಲಿ ಕುಣಿಯಬೇಕೆಂಬುದನ್ನು ಅಭ್ಯಾಸ ಕಲಿಸಬಹುದು. ಎಲ್ಲಿ ಕುಣಿಯದೆ ನಿಲ್ಲಬೇಕೆಂಬುದನ್ನು ಪಾತ್ರವೇ ಕಲಿಸಬೇಕು.